ದೂರು ಕೊಡುವ ಮೊದಲು ಬರೆದಿಡಿ: ಸಂಬಳ ವಿಭಾಗದಲ್ಲಿ ಕೂತಿದ್ದವಳ ಸಲಹೆ

ನಾನು ಒಂದು ಕಂಪನಿಯ ಸಂಬಳ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಹಾಜರಿ, ಓಟಿ (ಶಿಫ್ಟ್ ಮುಗಿದ ಮೇಲಿನ ಹೆಚ್ಚುವರಿ ಕೆಲಸ), ರಜೆ, ಕಡಿತ ಎಲ್ಲದರ ಲೆಕ್ಕವೂ ನನ್ನ ಮೇಜಿಗೇ ಬರುತ್ತಿತ್ತು. ಸಂಬಳವಾದ ಮರುದಿನ ಕಿಟಕಿ ಮುಂದೆ ಸಾಲು ನಿಲ್ಲುತ್ತಿತ್ತು. ಸಿಟ್ಟು, ಅಳು, ಕೂಗಾಟ ಎಲ್ಲ ನೋಡಿದ್ದೇನೆ. ಅನ್ಯಾಯ ಆಗಿದೆ ಅಂತ ಬಂದವರಲ್ಲಿ ಹೆಚ್ಚಿನವರ ಮಾತು ನಿಜವೇ. ಆದರೂ ಎಷ್ಟೋ ಜನ ಬರಿಗೈಲಿ ವಾಪಸ್ ಹೋಗುತ್ತಿದ್ದರು.

ಕಾರಣ ಸರಳ. "ಯಾವಾಗಲೂ ನನಗೇ ಹೀಗೆ ಮಾಡ್ತಾರೆ" ಅಂದರೆ ನಾನು ಯಾವ ಪುಟ ತೆಗೆದು ನೋಡಲಿ? "14ನೇ ತಾರೀಖು ರಾತ್ರಿ ಶಿಫ್ಟ್. ಬೆಳಿಗ್ಗೆ 6ಕ್ಕೆ ಬಿಡಬೇಕಿತ್ತು, 8ಕ್ಕೆ ಬಿಟ್ಟರು. ಆ ಎರಡು ಗಂಟೆ ಓಟಿಯಲ್ಲಿ ಇಲ್ಲ" ಅಂದರೆ ಪುಟ ತೆಗೆಯಲೇಬೇಕು. ತೆಗೆದ ಮೇಲೆ ಸುಮ್ನೆ ಕಳಿಸಿಬಿಡೋಕೆ ಆಗಲ್ಲ. ದೂರು ಓದುವವರ ಕೈಯಲ್ಲಿ ತಾಳೆ ನೋಡಿಸುವಂಥ ದೂರೇ ಮುಂದಕ್ಕೆ ಹೋಗುವುದು. ಅದನ್ನು ತಯಾರು ಮಾಡುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು: ಇದು ಯಾವ ಬಗೆಯ ತೊಂದರೆ?

ಮೇಲಿನವರು ಮುಖ ಸಿಂಡರಿಸಿಕೊಂಡು ಮಾತಾಡುತ್ತಾರೆ ಅನ್ನುವುದಕ್ಕೆ ಕಾನೂನು ಏನೂ ಮಾಡಲ್ಲ. ಆದರೆ ಕೆಲಸದ ಗಂಟೆ, ಸಂಬಳ, ಕಡಿತ, ಸುರಕ್ಷತೆ, ಕಿರುಕುಳ, ತಾರತಮ್ಯ ಇವಕ್ಕೆಲ್ಲ ಬಹುತೇಕ ಎಲ್ಲ ದೇಶಗಳಲ್ಲೂ ನಿಯಮ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಮಾಡಿದ ಮೊಟ್ಟಮೊದಲ ಒಪ್ಪಂದವೇ ಗಂಟೆಗಳ ಬಗ್ಗೆ: ಕಾರ್ಖಾನೆಗಳಲ್ಲಿ ದಿನಕ್ಕೆ 8, ವಾರಕ್ಕೆ 48. 1949ರ ಸಂಬಳದ ಒಪ್ಪಂದ, ಮನಸ್ಸಿಗೆ ಬಂದಂತೆ ಕಡಿತ ಮಾಡುವ ಹಾಗಿಲ್ಲ, ಯಾವ ಷರತ್ತಿನಲ್ಲಿ ಎಷ್ಟು ಕಡಿತ ಅಂತ ಕೆಲಸಗಾರರಿಗೆ ತಿಳಿಸಬೇಕು ಅನ್ನುತ್ತದೆ. ಕಿರುಕುಳದ ಬಗ್ಗೆ 2019ರಲ್ಲಿ ಬಂದದ್ದು ಇನ್ನೂ ಗಟ್ಟಿ. ಒಂದೇ ಸಲ ನಡೆದರೂ ಅದು ಕಿರುಕುಳವೇ ಆಗಬಹುದು, ಪದೇಪದೇ ನಡೆದಿರಬೇಕು ಅಂತೇನಿಲ್ಲ.

ಎಲ್ಲ ದೇಶಗಳೂ ಇವನ್ನೆಲ್ಲ ಒಪ್ಪಿಲ್ಲ. ನಿಮಗೆ ಲಾಗುವಾಗುವುದು ನಿಮ್ಮ ದೇಶದ ಕಾನೂನು, ನಿಮ್ಮ ನೇಮಕಾತಿ ಪತ್ರ. ಆ ಪತ್ರವನ್ನು ಸೇರಿದ ದಿನ ಓದಿ ಮಡಚಿಟ್ಟಿರುತ್ತೀರಿ, ಅಲ್ವಾ? ಈಗ ತೆಗೆದು ಮತ್ತೆ ಓದಿ. ಹಾಗೇ ದೂರು ಕೊಡಲು ಕಾನೂನಿನಲ್ಲಿ ಎಷ್ಟು ಸಮಯ ಇದೆ ಅನ್ನುವುದನ್ನೂ ಈಗಲೇ ವಿಚಾರಿಸಿ. ನೋಡೋಣ, ನೋಡೋಣ ಅನ್ನುತ್ತಾ ಗಡುವು ಮೀರಿಸಿಕೊಂಡವರಿದ್ದಾರೆ.

ಡೈರಿ

ಹೊಲಿಗೆ ಹಾಕಿದ ನೋಟ್‌ಬುಕ್ ತಗೊಳ್ಳಿ. ಬಿಡಿ ಹಾಳೆ ಬೇಡ. ಆಮೇಲೆ ಸೇರಿಸಿದ್ದು ಅಂತ ಯಾರಾದರೂ ಹೇಳಬಹುದು. ನಡೆದ ದಿನವೇ ಬರೆಯಿರಿ, ಮನೆಯಲ್ಲಿ ಇಡಿ. ಆಫೀಸಿನ ಕಂಪ್ಯೂಟರ್‌ನಲ್ಲಿ ಬರೆದಿಟ್ಟರೆ ಅದು ಅವರದ್ದು, ನಿಮ್ಮದಲ್ಲ.

"ಇವತ್ತೂ ಎಲ್ಲರ ಮುಂದೆ ಅವಮಾನ ಮಾಡಿದ" ಅಂತ ಬರೆದರೆ ಆರು ತಿಂಗಳ ನಂತರ ನಿಮಗೇ ಏನೂ ನೆನಪಾಗಲ್ಲ. ಹೀಗೆ ಬರೆಯಿರಿ: "ಮಂಗಳವಾರ, 9ನೇ ತಾರೀಖು, ಬೆಳಿಗ್ಗೆ ಸುಮಾರು 11. ಪ್ಯಾಕಿಂಗ್ ಮೇಜಿನ ಹತ್ತಿರ. ಸೂಪರ್‌ವೈಸರ್ ಹೇಳಿದ್ದು: 'ನಿನ್ನಂಥವರಿಗೆ ಈ ಕೆಲಸವೇ ಜಾಸ್ತಿ, ಬೇಡವಾದರೆ ಬಾಗಿಲು ಅಲ್ಲಿದೆ.' ಪಕ್ಕದ ಮೇಜಿನ ಇಬ್ಬರು ಕೇಳಿಸಿಕೊಂಡರು. ನಾನು ಉತ್ತರ ಕೊಡಲಿಲ್ಲ. ಮಧ್ಯಾಹ್ನ ನನ್ನನ್ನು ಲೋಡಿಂಗ್‌ಗೆ ಹಾಕಿದರು." ಯಾರು, ಎಲ್ಲಿ, ಯಾವಾಗ, ಅದೇ ಮಾತು, ಕೇಳಿದವರು ಯಾರು, ಆಮೇಲೆ ಏನಾಯಿತು. ಬೈಗುಳವಿದ್ದರೆ ಬೈಗುಳವನ್ನೇ ಬರೆಯಿರಿ. "ಕೆಟ್ಟ ಮಾತು" ಅಂತ ಮರೆಮಾಚಿದರೆ ಬೈದವರಿಗೇ ಅನುಕೂಲ.

ನಿಮಗೆ ಬಂದ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ತಾರೀಖು ಕಾಣುವ ಹಾಗೆ. ಆದರೆ ಕಂಪನಿಯ ಒಳಗಿನ ಫೈಲು, ಬೇರೆಯವರ ಸಂಬಳದ ಪಟ್ಟಿ ಇವನ್ನೆಲ್ಲ ನಿಮ್ಮ ಮೊಬೈಲಿಗೆ ಕಳಿಸಿಕೊಳ್ಳಬೇಡಿ. ಆಮೇಲೆ ವಿಚಾರಣೆ ನಿಮ್ಮ ಮೇಲೆಯೇ ತಿರುಗುತ್ತದೆ.

ಸಂಬಳ ಚೀಟಿ ಓದುವುದು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಇದು ನನ್ನ ಜಾಗ. ಚೀಟಿ ಸಿಕ್ಕ ಕೂಡಲೇ ಎಲ್ಲರೂ ಕೊನೆಯ ಸಾಲು ನೋಡುತ್ತಾರೆ. ಕೈಗೆ ಎಷ್ಟು ಬಂತು, ಅಷ್ಟೇ. ನೀವು ಮೇಲಿನಿಂದ ಓದಿ.

ಮೊದಲು ಹಾಜರಿ ದಿನಗಳು. ಎಷ್ಟೋ ಕಡೆ ಹಾಜರಿ ಲೆಕ್ಕ ಒಂದನೇ ತಾರೀಖಿಗೆ ಶುರುವಾಗಲ್ಲ. 21ರಿಂದ ಮುಂದಿನ 20ರವರೆಗೆ ಅಂತಲೋ, 26ರಿಂದ 25 ಅಂತಲೋ ಇರುತ್ತದೆ. ಹಾಗಿದ್ದರೆ ತಿಂಗಳ ಕೊನೆಯಲ್ಲಿ ಮಾಡಿದ ಓಟಿ ಮುಂದಿನ ತಿಂಗಳ ಚೀಟಿಗೆ ಬರುತ್ತದೆ. ಇದು ಗೊತ್ತಿಲ್ಲದೆ ಜಗಳಕ್ಕೆ ಬಂದವರು ಬಹಳ. ದೂರು ಕೊಡುವ ಮೊದಲು ನಿಮ್ಮ ಕಡೆ ಲೆಕ್ಕ ಯಾವ ತಾರೀಖಿಗೆ ಮುಗಿಯುತ್ತದೆ ಅಂತ ಕೇಳಿ ತಿಳಿದುಕೊಳ್ಳಿ.

ಎರಡನೆಯದು ಗಂಟೆಗಳು. ಮೋಸ ಅಡಗುವುದು ಇಲ್ಲೇ. ನೀವು ಹೊರಟ ಸಮಯವನ್ನು ಹಾಜರಿ ಯಂತ್ರ 8.22 ಅಂತ ದಾಖಲಿಸಿದ್ದರೆ ಸಾಫ್ಟ್‌ವೇರ್ 8.15 ಮಾಡುತ್ತದೆ. ಬರುವಾಗ 5 ನಿಮಿಷ ತಡವಾದರೆ ಕಾಲು ಗಂಟೆ ಕಡಿತ, ಹೋಗುವಾಗ 14 ನಿಮಿಷ ಜಾಸ್ತಿ ನಿಂತರೆ ಸೊನ್ನೆ. ಒಂದು ದಿನಕ್ಕೆ ಇದು ಚಿಲ್ಲರೆ. ಆದರೆ ದಿನಕ್ಕೆ 14 ನಿಮಿಷ, ತಿಂಗಳಿಗೆ 26 ದಿನ ಅಂದರೆ 6 ಗಂಟೆ ದಾಟುತ್ತದೆ. ಅರ್ಧ ಗಂಟೆ ವಿರಾಮವನ್ನು ಸಾಫ್ಟ್‌ವೇರ್ ತಾನಾಗಿಯೇ ಕಳೆಯುವುದು ಇನ್ನೊಂದು. ಆ ದಿನ ನೀವು ವಿರಾಮ ತಗೊಳ್ಳದೆ ದುಡಿದಿದ್ದರೂ ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ಒಳಗೆ ಬಂದ, ಹೊರಗೆ ಹೋದ ಸಮಯವನ್ನು ಡೈರಿಯಲ್ಲಿ ನೀವೂ ಬರೆಯಿರಿ. ವಿರಾಮ ಸಿಗದ ದಿನ ಅದನ್ನೂ ಬರೆಯಿರಿ.

ಮೂರನೆಯದು ಓಟಿ ದರ. ಗಂಟೆಗೆ ಎಷ್ಟು ಅಂತ ಭಾಗಿಸಿ ನೋಡಿ, ನೇಮಕಾತಿ ಪತ್ರ ಅಥವಾ ಕಾನೂನು ಹೇಳಿದ್ದರ ಜೊತೆ ತಾಳೆ ಹಾಕಿ. ನಾಲ್ಕನೆಯದು ಕಡಿತ. "ಇತರೆ" ಅಂತ ಒಂದು ಸಾಲು ಇದ್ದರೆ ಅದು ಏನು ಅಂತ ಲಿಖಿತವಾಗಿ ಕೇಳಿ. ಕೇಳಿದ ತಕ್ಷಣ ಆ ಸಾಲು ಮುಂದಿನ ತಿಂಗಳು ಮಾಯವಾಗಿದ್ದನ್ನು ನಾನೇ ನೋಡಿದ್ದೇನೆ. ಮಾಯವಾಯಿತು ಅಂತ ಸುಮ್ಮನಾಗಬೇಡಿ, ಹಿಂದಿನ ತಿಂಗಳುಗಳದ್ದನ್ನೂ ಕೇಳಿ.

ಒಂದೇ ಚೀಟಿ ಸಾಲದು. ಮೂರು ತಿಂಗಳದ್ದನ್ನು ಪಕ್ಕಪಕ್ಕ ಇಟ್ಟರೆ ಕೈತಪ್ಪೋ, ಬೇಕಂತಲೇ ಮಾಡಿದ್ದೋ ಗೊತ್ತಾಗುತ್ತದೆ.

ಗಂಟೆಗಳ ವಿಷಯ ದುಡ್ಡಿನದ್ದು ಮಾತ್ರವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಧ್ಯಯನ ಹೊರತಂದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35%, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು 17% ಹೆಚ್ಚು ಅಂತ ಅದು ಹೇಳಿತು. ಓಟಿ ಸರಿಯಾಗಿ ಕೊಡುತ್ತಾರೆ, ಮತ್ತೇನು ಅನ್ನುವವರಿಗೆ ಇದನ್ನು ಹೇಳಿ.

ಬಾಯಲ್ಲಿ ಹೇಳಬೇಕೋ, ಬರೆದು ಕೊಡಬೇಕೋ?

ಲೆಕ್ಕದ ತಪ್ಪಾದರೆ ಮೊದಲು ಹೋಗಿ ಕೇಳಿ. ಎಷ್ಟೋ ಸಲ ಅಲ್ಲೇ ಸರಿಹೋಗುತ್ತದೆ. ಬಂದ ಮೇಲೆ ಒಂದು ಸಾಲು ಮೇಲ್ ಹಾಕಿ: "ಇವತ್ತು ಮಾತಾಡಿದಂತೆ, ಬಾಕಿ 2 ಗಂಟೆ ಮುಂದಿನ ತಿಂಗಳು ಸೇರಿಸುವುದಾಗಿ ಹೇಳಿದ್ದೀರಿ, ಧನ್ಯವಾದ." ಇಷ್ಟೇ. ಜಗಳವೂ ಆಗಲಿಲ್ಲ, ದಾಖಲೆಯೂ ಆಯಿತು.

ಬೈಗುಳ, ಬೆದರಿಕೆ, ಮೈಮುಟ್ಟುವುದು ಇಂಥದ್ದಾದರೆ ಅದೇ ಮನುಷ್ಯನ ಕೋಣೆಗೆ ಒಬ್ಬರೇ ಹೋಗಿ ಮಾತಾಡಬೇಡಿ. ನೇರ ಕಂಪನಿಯ ದೂರು ಸಮಿತಿಗೆ ಅಥವಾ ಅವನಿಗಿಂತ ಮೇಲಿನವರಿಗೆ ಬರೆದು ಕೊಡಿ.

ಪ್ರಾಣಾಪಾಯ ಇದ್ದರೆ ಡೈರಿ, ಪತ್ರ ಎಲ್ಲ ಆಮೇಲೆ. ಗಾರ್ಡ್ (ರಕ್ಷಣೆಯ ಕವಚ) ಇಲ್ಲದ ಯಂತ್ರ, ಬರಿಮೈಯಾಗಿ ನೇತಾಡುವ ವಿದ್ಯುತ್ ತಂತಿ ಕಂಡರೆ ಮೊದಲು ಆಚೆ ಬನ್ನಿ, ಆಮೇಲೆ ತಿಳಿಸಿ. ಅದೇ ಕಾರ್ಮಿಕ ಸಂಸ್ಥೆಯ 1981ರ ಸುರಕ್ಷತೆಯ ಒಪ್ಪಂದದಲ್ಲಿ ಇದು ಸ್ಪಷ್ಟವಾಗಿದೆ: ಜೀವಕ್ಕೆ ಗಂಭೀರ ಅಪಾಯ ಹತ್ತಿರದಲ್ಲಿದೆ ಅಂತ ನಂಬಲು ಸರಿಯಾದ ಕಾರಣವಿದ್ದು ಹೊರಬಂದವರಿಗೆ ಅದಕ್ಕಾಗಿ ತೊಂದರೆ ಕೊಡುವಂತಿಲ್ಲ.

ಪತ್ರ

ಒಂದು ಪುಟ, ಒಂದೇ ವಿಷಯ. ಓಟಿ, ಬೈಗುಳ, ಶೌಚಾಲಯ, ರಜೆ ಎಲ್ಲವನ್ನೂ ಒಂದೇ ಪತ್ರದಲ್ಲಿ ತುಂಬಿದರೆ ಅವರು ಸುಲಭದ್ದಕ್ಕೆ ಉತ್ತರ ಕೊಟ್ಟು ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಶೌಚಾಲಯಕ್ಕೆ ಹೊಸ ನಲ್ಲಿ ಬರುತ್ತದೆ, ಓಟಿ ಹಾಗೇ ಇರುತ್ತದೆ.

ಮಾದರಿ ಹೀಗಿರಲಿ:

"ಮಾನ್ಯರೇ, ನಾನು ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳ 3, 9 ಮತ್ತು 14ನೇ ತಾರೀಖು ಶಿಫ್ಟ್ ಮುಗಿದ ಮೇಲೆ ತಲಾ 2 ಗಂಟೆ ಕೆಲಸ ಮಾಡಿದ್ದೇನೆ. ಒಟ್ಟು 6 ಗಂಟೆ. ಸಂಬಳ ಚೀಟಿಯಲ್ಲಿ 2 ಗಂಟೆ ಮಾತ್ರ ಇದೆ. ಚೀಟಿಯ ನಕಲು ಲಗತ್ತಿಸಿದ್ದೇನೆ. ಗೇಟಿನ ದಾಖಲೆ ನೋಡಿ ಉಳಿದ 4 ಗಂಟೆಯ ಓಟಿಯನ್ನು ಈ ತಿಂಗಳ ಸಂಬಳದಲ್ಲಿ ಸೇರಿಸಬೇಕು. 10 ದಿನದೊಳಗೆ ಲಿಖಿತ ಉತ್ತರ ಕೊಡಬೇಕಾಗಿ ಕೋರಿಕೆ."

"ಅಮಾನವೀಯ", "ಶೋಷಣೆ" ಅನ್ನುವ ಪದ ಒಂದೂ ಇಲ್ಲ ನೋಡಿ. ಸಿಟ್ಟು ಇರಬಾರದು ಅಂತಲ್ಲ. ಆ ಪದಗಳಿಗೆ ಉತ್ತರ ಬರೆಯುವುದು ಸುಲಭ, 4 ಗಂಟೆಗೆ ಉತ್ತರ ಬರೆಯುವುದು ಕಷ್ಟ.

ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ವಾಪಸ್ ತನ್ನಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ಇಟ್ಟು ಬರಬೇಡಿ. ಸೀಲು ಹಾಕಲ್ಲ ಅಂದರೆ ಮೇಲ್ ಅಥವಾ ರಸೀದಿ ಸಿಗುವಂಥ ಅಂಚೆ. ಉತ್ತರ ಬರದಿದ್ದರೆ ಒಂದು ನೆನಪೋಲೆ, ಅದಕ್ಕೂ ಬರದಿದ್ದರೆ ಪತ್ರ, ನೆನಪೋಲೆ ಎರಡರ ಪ್ರತಿಗಳ ಜೊತೆ ಕಾರ್ಮಿಕ ಇಲಾಖೆಗೆ.

ಜೊತೆಗಾರರು

ವಿರಾಮದಲ್ಲಿ "ನಾವೆಲ್ಲ ನಿನ್ನ ಜೊತೆ ಇದ್ದೀವಿ" ಅಂದವರು ಸಹಿ ಅಂದ ಕೂಡಲೇ ಮೆಲ್ಲಗೆ ಜಾರಿಕೊಳ್ಳುತ್ತಾರೆ. ಅವರ ಮೇಲೆ ಕೋಪ ಬೇಡ, ಮೊದಲ ಸಹಿ ಅಂದರೆ ಎಲ್ಲರಿಗೂ ಭಯ. ಹಿಂದೆ ಹಡಗಿನ ನಾವಿಕರು ಇದಕ್ಕೊಂದು ಉಪಾಯ ಮಾಡಿದ್ದರು. ದೂರಿನ ಪತ್ರದ ಸುತ್ತ ವೃತ್ತಾಕಾರವಾಗಿ ಸಹಿ ಹಾಕುತ್ತಿದ್ದರು, ಯಾರು ಶುರು ಮಾಡಿದ್ದು ಅಂತ ಕ್ಯಾಪ್ಟನ್‌ಗೆ ತಿಳಿಯಬಾರದು ಅಂತ. ಈಗಲೂ ಮಾಡಬಹುದು, ನನಗಂತೂ ಬಹಳ ಇಷ್ಟವಾದ ಉಪಾಯ. ಯೂನಿಯನ್ ಇದ್ದರೆ ಅವರ ಮೂಲಕ ಹೋಗಿ. ಇಲ್ಲದಿದ್ದರೆ ಇಬ್ಬರು ಸಾಕು. ಒಂದೇ ತಿಂಗಳಲ್ಲಿ ಇಬ್ಬರು ಬೇರೆ ಬೇರೆಯಾಗಿ ಅದೇ ಲೆಕ್ಕ ಕೇಳಿದರೆ ಸಂಬಳ ವಿಭಾಗದವರಿಗೆ ತಮ್ಮ ಮೇಲಿನವರನ್ನು ಕೇಳದೆ ಬೇರೆ ದಾರಿ ಇರಲ್ಲ.

ದೂರು ಕೊಟ್ಟ ಮೇಲೆ

ಶಿಫ್ಟ್ ಬದಲಾಗಬಹುದು, ಭಾರದ ಕೆಲಸ ಬರಬಹುದು, ಇದ್ದಕ್ಕಿದ್ದಂತೆ ಮೆಮೊ, ಅಂದರೆ ತಪ್ಪು ಹೊರಿಸುವ ನೋಟಿಸ್, ಬರಬಹುದು. ಎಲ್ಲ ಡೈರಿಗೆ. ದೂರು ಕೊಟ್ಟ ತಾರೀಖು, ಮೆಮೊ ತಾರೀಖು ಎರಡೂ ಪಕ್ಕಪಕ್ಕ ಇದ್ದರೆ ನೋಡುವವರಿಗೆ ಬೇರೆ ಏನೂ ವಿವರಿಸಬೇಕಾಗಿಲ್ಲ. ಮೆಮೊಗೆ ಸಹಿ ಹಾಕಲೇಬೇಕು ಅಂದರೆ "ಪ್ರತಿ ಸಿಕ್ಕಿದೆ, ಆರೋಪ ಒಪ್ಪಿಲ್ಲ" ಅಂತ ಬರೆದು ತಾರೀಖಿನ ಜೊತೆ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಕೋಣೆಗೆ ಕರೆದು "ಈಗಲೇ ರಾಜೀನಾಮೆ ಬರೆದುಕೊಡು, ಮರ್ಯಾದೆಯಿಂದ ಹೋಗು" ಅಂದರೆ "ಮನೆಯಲ್ಲಿ ಮಾತಾಡಿ ನಾಳೆ ಹೇಳ್ತೀನಿ ಸಾರ್" ಅಂತ ಎದ್ದು ಬನ್ನಿ. ನೀವೇ ಕೊಟ್ಟ ರಾಜೀನಾಮೆ ಆದರೆ ಕೆಲಸದಿಂದ ತೆಗೆದಾಗ ಸಿಗಬೇಕಾದ ಎಷ್ಟೋ ಹಕ್ಕು ಕೈತಪ್ಪುತ್ತದೆ.

ಇಷ್ಟಾದರೂ ಬಿಟ್ಟು ಹೋಗುವುದೇ ಸರಿ ಅನ್ನಿಸಿದರೆ ಹೋಗಿ, ಅದೂ ತಪ್ಪಲ್ಲ. ಆದರೆ ರಾಜೀನಾಮೆಯ ಮೇಲ್ ಕಳಿಸುವ ಮೊದಲು ಎಲ್ಲ ಸಂಬಳ ಚೀಟಿ, ರಜೆ ಬಾಕಿ, ಪಿಂಚಣಿ ಅಥವಾ ಉಳಿತಾಯ ನಿಧಿಯ ವಿವರ, ದೂರಿನ ಉತ್ತರಗಳು ಎಲ್ಲವನ್ನೂ ಇಳಿಸಿಟ್ಟುಕೊಳ್ಳಿ. ಕೆಲವು ಕಡೆ ರಾಜೀನಾಮೆ ತಲುಪಿದ ಸಂಜೆಯೇ ಲಾಗಿನ್ ಮುಚ್ಚಿಬಿಡುತ್ತಾರೆ. ಆಮೇಲೆ ಒಂದು ಚೀಟಿಗೂ ನನ್ನಂಥವರ ಕಿಟಕಿ ಮುಂದೆ ನಿಂತು ಕೇಳಬೇಕಾಗುತ್ತದೆ.