ಕುಂಬಳೆಯಿಂದ ಮಂಗಳೂರಿಗೆ, ದಿನಾ ಒಂದೇ ಕಥೆ

ನಮ್ಮ ಕಾಸರಗೋಡಿನವರಿಗೆ ಭಾಷೆಗಳು ಹೊಸತಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಕಂಡಕ್ಟರ್ ಹತ್ತಿರ ಮಲಯಾಳ. ನನ್ನ ಮಲಯಾಳದಲ್ಲಿ ಈಗಲೂ ತಪ್ಪುಗಳೇ ಜಾಸ್ತಿ, ಆದರೂ ಮಾತಾಡಲು ನಾಚಿಕೆಯಿಲ್ಲ. ಇಂಗ್ಲಿಷ್ ಅಂದರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಒಂದು ಇಂಟರ್‌ವ್ಯೂನಲ್ಲಿ ‘ನಿಮ್ಮ ಊರಿನ ಬಗ್ಗೆ ಹೇಳಿ’ ಎಂದರು. ಗ್ರಾಮರ್ ಗೊತ್ತು, ಮಾರ್ಕೂ ಇತ್ತು. ಎರಡು ವಾಕ್ಯ ಹೇಳಿ ಸುಮ್ನೆ ಕೂತೆ.

ಕೊನೆಗೆ ಮಂಗಳೂರಿನಲ್ಲೇ ಬೇರೆ ಕಡೆ ಕೆಲಸ ಸಿಕ್ಕಿತು. ದಿನಾ ಕುಂಬಳೆಯಿಂದ ರೈಲು. ಆಗ ಇಂಗ್ಲಿಷ್ ಬಾಯಿ ಬಿಡಿಸಲು ಹಿಡಿದದ್ದು 4-3-2 ಎಂಬ ಉಪಾಯ. ಒಂದು ವಿಷಯವನ್ನು ಮೊದಲು 4 ನಿಮಿಷ ಹೇಳುವುದು, ಮತ್ತೆ ಅದನ್ನೇ 3 ನಿಮಿಷದಲ್ಲಿ, ಆಮೇಲೆ 2 ನಿಮಿಷದಲ್ಲಿ. ಸರಿಯಾಗಿ ಮಾಡುವುದಾದರೆ ಪ್ರತಿ ಸಲ ಕೇಳುವವರು ಬೇರೆ ಇರಬೇಕು. ನನಗೆ ಮೂವರು ಎಲ್ಲಿಂದ ಸಿಗಬೇಕು? ಕಾಲ್ ಬಂದವನ ಹಾಗೆ ಫೋನ್ ಕಿವಿಗಿಟ್ಟು ಬಾಗಿಲ ಹತ್ತಿರ ನಿಂತೆ.

ವಿಷಯ, ಅಡಿಕೆಗೆ ಮದ್ದು ಬಿಡುವುದು, ಅಂದರೆ ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗಕ್ಕೆ ಮದ್ದು ಸಿಂಪಡಿಸುವುದು. ನನಗೆ ಸರಿಯಾಗಿ ಗೊತ್ತಿರುವುದು ಅದೊಂದೇ. 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೊದಲ ದಿನ ಕೊಳೆರೋಗಕ್ಕೇ ತಡವರಿಸಿದೆ. ‘ನಟ್ ಫಾಲಿಂಗ್ ಡಿಸೀಸ್’ ಎಂದುಬಿಟ್ಟೆ! ಮನೆಗೆ ಬಂದು ಹುಡುಕಿದರೆ ‘ಫ್ರೂಟ್ ರಾಟ್’. ಹುಡುಕುವುದು ರಾತ್ರಿ ಮಾತ್ರ, ಮಾತಿನ ನಡುವೆ ನಿಲ್ಲಬಾರದು. 4 ನಿಮಿಷ ಇದ್ದರೆ ಕನ್ನಡದಲ್ಲಿ ಯೋಚಿಸಿ ತರ್ಜುಮೆ ಮಾಡಲು ಪುರುಸೊತ್ತು ಇರುತ್ತದೆ. 2 ನಿಮಿಷದಲ್ಲಿ ಎಲ್ಲಿಯ ತರ್ಜುಮೆ? ದಿನ ಹೋದ ಹಾಗೆ ಪದಗಳು ಒಂಟಿಯಾಗಿ ಬರುವುದು ಬಿಟ್ಟು ಗೊಂಚಲಾಗಿ ಬರತೊಡಗಿದವು. ‘ಎಂತ ಅಂದ್ರೆ...’ ಎಂದು ತಡೆಯುವ ಜಾಗದಲ್ಲಿ ‘ವಾಟ್ ಐ ಮೀನ್ ಈಸ್’ ತಾನಾಗಿ ಬಂತು.

ರೆಕಾರ್ಡ್ ಮಾಡಿ ಕೇಳಿದಾಗ ಮಾತ್ರ ಮುಖ ಸಣ್ಣದಾಯಿತು. ಕನ್ನಡದ ಹಾಗೆ ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಡುತ್ತಿದ್ದೆ. ಇಂಗ್ಲಿಷಿನವರು ‘ಹೋಟೆಲ್’ ಎನ್ನುವಾಗ ಒತ್ತುವುದು ‘ಟೆಲ್’ ಅನ್ನು, ನಮ್ಮ ‘ಡೆವಲಪ್’ ಅವರ ಬಾಯಲ್ಲಿ ‘ಡಿವೆಲಪ್’, ಒತ್ತು ‘ವೆ’ ಮೇಲೆ. ಇಷ್ಟು ತಿದ್ದಿಕೊಂಡ ಮೇಲೆ ಫೋನಿನಲ್ಲಿ ‘ಪಾರ್ಡನ್?’ ಎನ್ನುವವರು ಕಮ್ಮಿಯಾದರು. ಆಕ್ಸೆಂಟ್ ಬದಲಿಸುವ ಉಸಾಬರಿಗೆ ಹೋಗಲಿಲ್ಲ.

ಒಂದು ದಿನ ಉಪ್ಪಳ ದಾಟಿತ್ತು. ದಿನಾ ಪಕ್ಕದಲ್ಲೇ ನಿಲ್ಲುತ್ತಿದ್ದ ಹಿರಿಯರೊಬ್ಬರು ನಾನು ಫೋನ್ ಇಳಿಸುವವರೆಗೆ ಕಾದು ಕೇಳಿದರು: ‘ಅಲ್ಲ ಮಾರಾಯ್ರೆ, ಮಳೆ ಬಿಟ್ಟು ತಿಂಗಳಾಯ್ತು. ನಿಮ್ಮದು ಇನ್ನೂ ಮದ್ದು ಬಿಟ್ಟು ಆಗಲಿಲ್ವಾ?’