10/22 ರೈಫಲ್ ಮ್ಯಾಗಜೀನ್ ಸಿಕ್ಕಾಕೊಳ್ತಿದ್ಯಾ? ಇಕ್ಕಳ ಕೆಳಗಿಡಿ, ಮೊದಲು ಗುಂಡಿನ ಮೂತಿ ನೋಡಿ

ಟೆಕ್ಸಾಸ್‌ನಲ್ಲಿ ನಾವು ಹೋಗೋ ಶೂಟಿಂಗ್ ರೇಂಜಲ್ಲಿ ಶನಿವಾರ ಬಂತು ಅಂದ್ರೆ ಒಬ್ಬರಾದ್ರೂ ರುಗರ್ 10/22 ರೈಫಲ್‌ಗೆ ಅಗ್ಗದ 25 ಗುಂಡಿನ ಪ್ಲಾಸ್ಟಿಕ್ ಮ್ಯಾಗಜೀನ್ (ಗುಂಡು ತುಂಬೋ ಡಬ್ಬಿ) ಹಾಕ್ಕೊಂಡು, ಜಾಮ್ ಆದಾಗೆಲ್ಲ ಅದಕ್ಕೆ ಪಟಪಟ ಹೊಡೀತಾ ಕೂತಿರ್ತಾರೆ. ನಮ್ಮ ಭಾವನೋರು ಇನ್ನೂ ಒಂದು ಹೆಜ್ಜೆ ಮುಂದೆ, ಮನೆಗೆ ಬಂದು ಇಕ್ಕಳದಲ್ಲಿ ಅದರ ತುಟಿ (ಮೇಲ್ತುದಿಯಲ್ಲಿ ಗುಂಡು ಹಿಡಿಯೋ ಎರಡು ಅಂಚು) ಹಿಸುಕಿದ್ರು, ಸೀದಾ ಕಸದ ಬುಟ್ಟಿಗೆ ಹೋಯ್ತು.

ಮೊದಲು ರೈಫಲ್ ಖಾಲಿ ಮಾಡಿ, ಚೇಂಬರ್ (ನಳಿಗೇಲಿ ಗುಂಡು ಕೂರೋ ಜಾಗ) ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಮನೇಲಿ ಟೆಸ್ಟಿಗೆ ಡಮ್ಮಿ ಗುಂಡು (ಮದ್ದಿಲ್ಲದ್ದು) ಮಾತ್ರ.

ಆಮೇಲೆ ರೇಂಜಲ್ಲಿ ರೈಫಲ್ ಜೊತೆ ಬಂದ 10 ಗುಂಡಿನ ರೋಟರಿ (ಒಳಗೆ ಚಕ್ರ ತಿರುಗೋ) ಮ್ಯಾಗಜೀನ್ ಹಾಕಿ ನೋಡಿ. ಅದೂ ಸಿಕ್ಕಾಕೊಂಡ್ರೆ ತೊಂದರೆ ಬಹುಶಃ ರೈಫಲ್‌ನಲ್ಲೇ, ಮೊದಲು ಅದನ್ನ ಕ್ಲೀನ್ ಮಾಡಿ. 1964ರಿಂದ ಬರ್ತಿರೋ ಆ ಡಿಸೈನಲ್ಲಿ ಪ್ರತಿ ಗುಂಡಿಗೂ ಬೇರೆ ಬೇರೆ ಗೂಡು ಇದೆ, ಅಂಚು ಅಂಚಿಗೆ ತಗುಲಲ್ಲ. ಉದ್ದದ ಮ್ಯಾಗಜೀನಲ್ಲಿ ಹಾಗಲ್ಲ, .22 ಗುಂಡಿನ ಮೈ 5.7 ಮಿ.ಮೀ., ಹಿಂದಿನ ರಿಮ್ (ಅಂಚು) ಸುಮಾರು 7 ಮಿ.ಮೀ., ಹಾಗಾಗಿ ಮೇಲಿನ ಗುಂಡಿನ ರಿಮ್ ಕೆಳಗಿನದರ ಹಿಂದೆ ಬಿದ್ರೆ ಮುಗೀತು, ಎರಡೂ ಕೊಕ್ಕೆ ಹಾಕ್ಕೊಳ್ತವೆ. ತುಂಬುವಾಗ ಪ್ರತಿ ರಿಮ್ಮೂ ಕೆಳಗಿನದರ ಮುಂದೆ ಕೂತಿದ್ಯಾ ಅಂತ ನೋಡ್ಕೊಳ್ಳಿ. ಗುಂಡು ಬೇಗ ಬೇಗ ತುಂಬೋ ಲೋಡರ್‌ಗಳು ನಂಗೆ ಇಷ್ಟ ಇಲ್ಲ.

ಮ್ಯಾಗಜೀನ್ ಬಿಚ್ಚಿ, ಪಾತ್ರೆ ತೊಳೆಯೋ ಸೋಪಲ್ಲಿ ತೊಳೆದು, ಪೂರ್ತಿ ಒಣಗಿಸಿ (ಸ್ಪ್ರಿಂಗ್ ಹಾರುತ್ತೆ, ಪ್ಲಾಸ್ಟಿಕ್ ಕವರೊಳಗೆ ಬಿಚ್ಚಿ, ಕನ್ನಡಕ ಹಾಕಿ). ಸ್ಪ್ರೇ ಎಣ್ಣೆ ಬೇಡ, ಸೀಸದ ಮೇಲಿನ ಮೇಣ, ಮಸಿ ಎರಡೂ ಅಂಟಿ ಗೋಂದಾಗುತ್ತೆ. ಎರಡು ಹೋಳಿನ ಮ್ಯಾಗಜೀನಾದ್ರೆ ಸ್ಕ್ರೂ ಜೋರಾಗಿ ಬಿಗೀಬೇಡಿ, ಒಳಗೆ ಗುಂಡನ್ನ ಮೇಲಕ್ಕೆ ತಳ್ಳೋ ಫಾಲೋವರ್ ಹಿಡ್ಕೊಳ್ಳುತ್ತೆ. ಎಷ್ಟೋ ಸಲ ಕಾಲು ಸುತ್ತು ಸಡಿಲ ಮಾಡಿದ್ರೇ ವಾಸಿ.

ಇನ್ನು ತುಟಿ, ಎಲ್ಲರೂ ಕೆಡಿಸೋದು ಇಲ್ಲೇ. ಸಿಕ್ಕಾಕೊಂಡ ಡಮ್ಮಿ ಗುಂಡು ತೆಗೆದು ಮೂತಿ ನೋಡಿ, ಗುರುತು ಎದ್ದು ಕಾಣೋಕೆ ಮೂತಿಗೆ ಮೊದಲೇ ಮಾರ್ಕರ್ ಬಣ್ಣ ಹಚ್ಚಿರಿ. ಕೆಳಭಾಗ ಉಜ್ಜಿ ಹೋಗಿದ್ರೆ ಮೂತಿ ಕೆಳಗೆ ಬಾಗ್ತಿದೆ, ಅಂದ್ರೆ ಕೊಕ್ಕೆ ಬಿದ್ದಿದೆ ಇಲ್ಲ ಸ್ಪ್ರಿಂಗ್ ಸೋತಿದೆ, ತುಟಿ ಮುಟ್ಲೇಬೇಡಿ. ಮೇಲ್ಭಾಗ ಉಜ್ಜಿದ್ರೆ ತುಟಿ ಬೇಗ ಬಿಟ್ಬಿಡ್ತಿದೆ. ಆಗ ವರ್ನಿಯರ್ ಹಿಡಿದು ಎರಡು ತುಟಿ ಮಧ್ಯದ ಅಂತರವನ್ನ, ಚೆನ್ನಾಗಿ ಓಡೋ ಅದೇ ಥರದ್ದೇ ಮ್ಯಾಗಜೀನ್ ಜೊತೆ ಹೋಲಿಸಿ. ಸ್ಟೀಲ್ ತುಟಿಯಾದ್ರೆ ಹಲ್ಲಿಲ್ಲದ ಇಕ್ಕಳಕ್ಕೆ ಟೇಪ್ ಸುತ್ತಿ ಕೂದಲೆಳೆಯಷ್ಟು ಒಳಕ್ಕೆ ಬಾಗ್ಸಿ, ಅಳೀರಿ, ಡಮ್ಮಿ ಹಾಕಿ ನೋಡಿ, ಬೇಕಾದ್ರೆ ಇನ್ನೊಂದು ಕೂದಲೆಳೆ, ಎರಡೂ ಕಡೆ ಸಮ. ಡಮ್ಮಿ ಹಾಕಿ ನೋಡುವಾಗ ಬೋಲ್ಟನ್ನ (ಗುಂಡನ್ನ ಚೇಂಬರ್‌ಗೆ ತಳ್ಳೋ ಭಾಗ) ಕೈಯಲ್ಲಿ ಮೆಲ್ಲಗೆ ಬಿಡಬೇಡಿ, ಪೂರ್ತಿ ಎಳೆದು ಬಿಟ್ಬಿಡಿ. ಪ್ಲಾಸ್ಟಿಕ್ ತುಟಿ ಬಾಗ್ಸೋಕಾಗಲ್ಲ, ಹೇರ್ ಡ್ರೈಯರ್ ಉಪಾಯವೂ ಬೇಡ. ಅಚ್ಚಿನ ಗೆರೆ ಉಗುರಿಗೆ ಸಿಗ್ತಿದ್ರೆ 600 ನಂಬರ್ ಉಪ್ಪುಕಾಗದದಲ್ಲಿ ಆ ಗೆರೆ ಮಾತ್ರ ತೆಗೀರಿ.

ಬೋಲ್ಟ್ ಗುಂಡಿನ ಮೇಲೇ ಜಾರಿ ಹೋಗ್ತಿದ್ರೆ ಮ್ಯಾಗಜೀನನ್ನ ಕೈಯಲ್ಲಿ ಮೇಲಕ್ಕೆ ಒತ್ತಿ ಹಿಡಿದು ನೋಡಿ. ಸರಿಹೋದ್ರೆ ಮ್ಯಾಗಜೀನ್ ಹಿಡಿದಿಡೋ ಲ್ಯಾಚ್ ಹತ್ರ ಸಡಿಲ ಇದೆ, ಅಂಥದ್ದನ್ನ ಅಂಗಡಿಗೆ ವಾಪಸ್ ಕೊಡಿ. ಸ್ಪ್ರಿಂಗ್ ಎಳೆದು ಉದ್ದ ಮಾಡೋರು ಇದಾರೆ, ಒಂದು ವಾರ ಓಡುತ್ತೆ ಅಷ್ಟೆ, ಹೊಸ ಸ್ಪ್ರಿಂಗ್ ಹಾಕಿ.

ಪ್ರತಿ ಮ್ಯಾಗಜೀನ್ ತಳಕ್ಕೂ ಪೇಂಟ್ ಮಾರ್ಕರಲ್ಲಿ ನಂಬರ್ ಬರೀರಿ. ನನ್ ಪೆಟ್ಟಿಗೇಲಿ 1, 2, 4 ಇದಾವೆ, 3ರ ತುಟಿ ಬಿರುಕು ಬಿಟ್ಟಿತ್ತು.