ಶಿರಸ್ತೇದಾರರಿಗೆ ಏನೇನು ಗೊತ್ತಿಲ್ಲ

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ನಮ್ಮ ಕಡೆಯ ಒಂದು ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರುವ ಹರಟೆಯನ್ನು ಬರೆಯುವವರು ಮಾತ್ರ ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಶಿರಸ್ತೇದಾರರು. ಅವರಿಗೆ ಹೆಸರಿಲ್ಲ, ಕೊನೆಯಲ್ಲಿ ‘ನಿವೃತ್ತ ಶಿರಸ್ತೇದಾರ’ ಎಂದಷ್ಟೇ ಇರುತ್ತದೆ. ಇಬ್ಬರೂ ಒಬ್ಬರೇ ಎಂಬುದು ಸಂಪಾದಕರಿಗೂ ನನ್ನ ಯಜಮಾನರಿಗೂ ಮೊದಲಿನಿಂದ ಗೊತ್ತು. ಈಗ ನಿಮಗೂ ಗೊತ್ತಾಯಿತು.

ಅವರನ್ನು ಹುಟ್ಟಿಸಿಕೊಂಡದ್ದಕ್ಕೆ ಕಾರಣ ಸರಳ. ನನ್ನ ಹೆಸರಿನಲ್ಲಿ ಬರೆಯಲು ಕುಳಿತರೆ ನಾನು ಪಾಠ ಮಾಡುತ್ತೇನೆ. ಒಂದು ಮಾತು ಹೇಳಿ, ಅದಕ್ಕೆ ಉದಾಹರಣೆ ಕೊಟ್ಟು, ಹಿಂದಿನ ಬೆಂಚಿನವರಿಗೂ ತಿಳಿಯಲಿ ಎಂದು ಮತ್ತೊಮ್ಮೆ ಹೇಳುತ್ತೇನೆ. ಓದುವವರಿಗೆ ಅದು ಹಿಂಸೆ. ಪಾಠ ಮಾಡುವ ಅಭ್ಯಾಸವೇ ಇಲ್ಲದ ಒಬ್ಬರು ನನಗೆ ಬೇಕಾಗಿದ್ದರು.

ಕನ್ನಡದಲ್ಲಿ ಕಾವ್ಯನಾಮಗಳಿಗೆ ಬರವಿಲ್ಲ. ಕೆ.ವಿ. ಪುಟ್ಟಪ್ಪನವರು ಕುವೆಂಪು ಆದರು, ಅನಸೂಯಾ ಶಂಕರ್ ತ್ರಿವೇಣಿ ಆದರು. ಅಲ್ಲೆಲ್ಲ ಹೆಸರು ಬದಲಾಯಿತೇ ಹೊರತು ಬರೆಯುವವರು ಬದಲಾಗಲಿಲ್ಲ. ನನ್ನ ಕೆಲಸಕ್ಕೆ ಒದಗಿ ಬಂದದ್ದು ಮುದ್ದಣನ ಮಾದರಿ. ಮುದ್ದಣನೆಂದೇ ಹೆಸರಾದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ಶಾಲೆಯ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದವರು. 1901ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ತಮ್ಮ ಬರಹವನ್ನು ಯಾರೋ ಹಳೆಯ ಕವಿಯದೆಂದು ಹೇಳಿ ಮೈಸೂರಿಗೆ ಕಳುಹಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅವರ ಇನ್ನೊಂದು ಉಪಾಯ. ಕೃತಿಯೊಳಗೇ ಮುದ್ದಣನೆಂಬ ಕವಿಯನ್ನು ಕೂರಿಸಿ, ಅವನ ಪಾಂಡಿತ್ಯಕ್ಕೆ ಹೆಂಡತಿ ಮನೋರಮೆಯಿಂದ ಹೆಜ್ಜೆ ಹೆಜ್ಜೆಗೂ ಅಡ್ಡ ಮಾತು ಹೇಳಿಸಿದರು. ತನ್ನನ್ನೇ ಹೋಲುವ ಒಬ್ಬನನ್ನು ಮಾಡಿಕೊಂಡು, ಅವನನ್ನು ಗೆಲ್ಲಲು ಬಿಡದಿರುವುದು! ಇದನ್ನು ನಾನು ನೇರವಾಗಿ ಎತ್ತಿಕೊಂಡಿದ್ದೇನೆ. ನಮ್ಮ ಶಿರಸ್ತೇದಾರರಿಗೆ ನನಗೆ ಒಪ್ಪಿಗೆಯಿಲ್ಲದ ಅಭಿಪ್ರಾಯಗಳು ಬೇಕಾದಷ್ಟಿವೆ. ಅವನ್ನು ಅವರು ಧಾರಾಳವಾಗಿ ಹೇಳಬಹುದು, ಆದರೆ ಅದೇ ಬರಹದಲ್ಲಿ ‘ಮನೆಯವರು’, ಅಂದರೆ ಅವರ ಹೆಂಡತಿ, ಅಡುಗೆಮನೆಯಿಂದಲೇ ಅದಕ್ಕೆ ಉತ್ತರ ಕೊಡುತ್ತಾರೆ.

ಹೆಸರೇ ಮುಖ್ಯವಾಗಿದ್ದರೆ ಡಿ.ವಿ.ಜಿ.ಯವರ ತಿಮ್ಮನೂ ಬೀಚಿಯವರ ತಿಮ್ಮನೂ ಅಣ್ಣತಮ್ಮಂದಿರಾಗಬೇಕಿತ್ತು. ಅವರಿಬ್ಬರನ್ನು ಒಂದೇ ಕಟ್ಟೆಯ ಮೇಲೆ ಕೂರಿಸಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಹತ್ತುವುದಿಲ್ಲ. ಡಿ.ವಿ.ಜಿ. ಮಾಡಿದ್ದು ಒಂದು ಕಳೆಯುವ ಲೆಕ್ಕ ಎಂದು ನನಗೆ ತೋರುತ್ತದೆ. ಸಂಸ್ಕೃತ, ವೇದಾಂತ, ರಾಜಕೀಯ, ಪತ್ರಿಕೋದ್ಯಮ ಎಲ್ಲವೂ ಕೈಯಲ್ಲಿದ್ದವರು ಮಾತನ್ನು ಒಬ್ಬ ಮಂಕನ ಬಾಯಿಗೆ ಕೊಟ್ಟರು. ವಿದ್ವಾಂಸನ ಠೀವಿ ಕಳೆದುಹೋಯಿತು, ಮಾತು ಉಳಿಯಿತು.

ಈ ಕಳೆಯುವ ಲೆಕ್ಕವನ್ನು ಬಾಯಿಬಿಟ್ಟು ಹೇಳಿದವರು ಪೋರ್ಚುಗಲ್ಲಿನ ಕವಿ ಫರ್ನಾಂಡೋ ಪೆಸೋವಾ. ಅವರು ಹಲವು ಕವಿಗಳನ್ನು ಸೃಷ್ಟಿಸಿ, ಮುಖ್ಯರಾದವರಿಗೆ ಹುಟ್ಟಿದ ದಿನ, ಬದುಕಿನ ವಿವರ ಕೊಟ್ಟು, ಜಾತಕವನ್ನೂ ಬರೆದಿದ್ದರು. ಅಲ್ಬರ್ಟೋ ಕಯೇರೊ ಪ್ರಾಥಮಿಕ ಶಾಲೆಗಿಂತ ಹೆಚ್ಚು ಓದಿದವನಲ್ಲ, ರಿಕಾರ್ಡೊ ರೈಸ್ ವೈದ್ಯ, ಆಲ್ವರೊ ದೆ ಕಾಂಪೊಸ್ ಎಂಜಿನಿಯರ್. 1935ರ ಜನವರಿಯಲ್ಲಿ ಒಬ್ಬ ವಿಮರ್ಶಕರಿಗೆ ಬರೆದ ಪತ್ರದಲ್ಲಿ, ಕಯೇರೊನ ಭಾಷೆ ಕೆಟ್ಟದು, ರೈಸ್ ತನಗಿಂತ ಚೆನ್ನಾಗಿ ಬರೆದರೂ ಮಡಿವಂತಿಕೆ ಅತಿಯಾಯಿತು ಎಂದೆಲ್ಲ ವಿವರಿಸುತ್ತಾರೆ. ಬರ್ನಾರ್ಡೊ ಸೋರೆಸ್ ಎಂಬ ಗುಮಾಸ್ತನ ವಿಷಯಕ್ಕೆ ಬಂದಾಗ, ಅವನು ಬೇರೆ ವ್ಯಕ್ತಿಯೇನಲ್ಲ, ತರ್ಕವನ್ನೂ ಭಾವುಕತೆಯನ್ನೂ ಕಳೆದರೆ ಉಳಿಯುವ ತಾನೇ ಎನ್ನುತ್ತಾರೆ. ಗಣಿತದವಳಾದ ನನಗೆ ಇದಕ್ಕಿಂತ ಸ್ಪಷ್ಟವಾದ ಸೂತ್ರ ಬೇಕಿರಲಿಲ್ಲ.

ಆದ್ದರಿಂದ ಶಿರಸ್ತೇದಾರರಿಗೆ ಏನು ಗೊತ್ತು ಎನ್ನುವುದಕ್ಕೆ ಮೊದಲು ಏನು ಗೊತ್ತಿಲ್ಲ ಎಂಬುದನ್ನು ಬರೆದಿಟ್ಟುಕೊಂಡೆ. ಅವರು 1941ರಲ್ಲಿ ಹುಟ್ಟಿ 1999ರಲ್ಲಿ ನಿವೃತ್ತರಾದವರು. ಆಗ ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58; ಅದು 60 ಆದದ್ದು 2008ರಲ್ಲಿ. ಇದನ್ನು ಯಾರೂ ಕೂಡಿಸಿ ಕಳೆದು ನೋಡುವುದಿಲ್ಲ, ಆದರೆ ಲೆಕ್ಕ ತಪ್ಪಿದರೆ ನನಗೆ ನಿದ್ದೆ ಬಾರದು. 1999 ಎಂದು ಇಟ್ಟದ್ದಕ್ಕೂ ಕಾರಣವಿದೆ. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋಗುವ ಮೊದಲೇ ಅವರು ಕುರ್ಚಿ ಬಿಟ್ಟಿರಬೇಕಿತ್ತು. ಅವರಿಗೆ ಕೈಬರಹದ ಪಹಣಿ, ಟಪಾಲು, ಹಳ್ಳಿಯ ಕಂದಾಯ ಲೆಕ್ಕವನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡುವ ಜಮಾಬಂದಿ ಗೊತ್ತು. ಕಂಪ್ಯೂಟರ್ ಗೊತ್ತಿಲ್ಲ, ಮಕ್ಕಳ ಮನಸ್ಸು ಗೊತ್ತಿಲ್ಲ, ‘ನನಗೆ ಅನಿಸುತ್ತದೆ’ ಎಂದು ವಾಕ್ಯ ಶುರು ಮಾಡಲು ಗೊತ್ತಿಲ್ಲ. ಹೋಲಿಕೆ ಕೊಡುವುದಿದ್ದರೆ ಅದು ಕಚೇರಿಯದೇ ಆಗಿರಬೇಕು. ಮೊದಲ ಕರಡಿನಲ್ಲಿ ಎಲ್ಲಾದರೂ ‘ಭಾವನೆ’ ಎಂಬ ಪದ ನುಸುಳಿದ್ದರೆ ಅದು ನನ್ನದು; ಹೊಡೆದುಹಾಕುತ್ತೇನೆ.

ಇಷ್ಟಾದ ಮೇಲೆ ವಾಕ್ಯಗಳು ತಾವಾಗಿಯೇ ಬಂದವು. ಒಂದು ತುಣುಕು: ‘ಮಿಕ್ಸರ್ ಕೆಟ್ಟಿರುವ ಬಗ್ಗೆ ಮನೆಯವರು ಮೌಖಿಕವಾಗಿ ವರದಿ ಮಾಡಿರುತ್ತಾರೆ. ಸ್ಥಳ ಪರಿಶೀಲನೆ ಮಾಡಲಾಗಿ ಸಂಗತಿ ನಿಜವೆಂದು ಕಂಡುಬಂದಿರುತ್ತದೆ. ಹಿತ್ತಲಿನ ಒರಳು ಸುಸ್ಥಿತಿಯಲ್ಲಿದೆ ಎಂದು ಷರಾ ಬರೆಯಲು ಹೋಗಿ, ಜೀವದ ಮೇಲಿನ ಆಸೆಯಿಂದ ಬಿಟ್ಟಿರುತ್ತೇನೆ.’

ನಗಿಸುವುದಕ್ಕಷ್ಟೇ ಅವರು ಬೇಕು ಎಂದು ನಾನು ತಿಳಿದಿದ್ದೆ. ಅಪ್ಪ ತೀರಿಕೊಂಡ ವರ್ಷ ಬೇರೆಯದೇ ಆಯಿತು. ನನ್ನ ಹೆಸರಿನಲ್ಲಿ ಅಪ್ಪನ ಬಗ್ಗೆ ಬರೆಯಲು ಕುಳಿತಾಗಲೆಲ್ಲ ಹಾಳೆ ತುಂಬ ವಿಶೇಷಣಗಳು. ಅಪ್ಪನಿಗೆ ವಿಶೇಷಣಗಳು ಒಗ್ಗುತ್ತಿರಲಿಲ್ಲ. ಆಗ ನಾವು ಅಕ್ಕತಂಗಿಯರು, ಅಣ್ಣ ಎಲ್ಲರೂ ಅಪ್ಪನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಓಡಾಡುತ್ತಿದ್ದೆವು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅರ್ಜಿ, ಸಹಿ. ಅದರ ಬಗ್ಗೆ ಬರೆಯುವ ಹಕ್ಕು ನನಗಿಂತ ಶಿರಸ್ತೇದಾರರಿಗೇ ಹೆಚ್ಚು ಎನಿಸಿ ಅವರಿಗೆ ಬಿಟ್ಟುಕೊಟ್ಟೆ. ಅವರು ತಮ್ಮ ಸೇವಾವಧಿಯ ಒಂದು ಕಡತವೆಂದು ಹೇಳಿಕೊಂಡು, ದಾಖಲೆಗಳನ್ನೆಲ್ಲ ಕ್ರಮವಾಗಿ ನಮೂದಿಸಿ ಕೊನೆಗೆ ಹೀಗೆ ಬರೆದರು: ‘ತಕರಾರು ಇರುವವರು ಅವಧಿಯೊಳಗೆ ಸಲ್ಲಿಸತಕ್ಕದ್ದೆಂದು ನೋಟಿಸನ್ನು ಚಾವಡಿಗೆ ಹಚ್ಚಲಾಯಿತು. ಯಾರ ತಕರಾರೂ ಬರಲಿಲ್ಲ. ಮಗಳದು ಒಂದಿತ್ತು. ಅದಕ್ಕೆ ನಮೂನೆ ಇರಲಿಲ್ಲ.’

ಇದು ನನ್ನ ವಾಕ್ಯವೇ ಎಂದು ನೀವು ಕೇಳಬಹುದು. ಕೈ ನನ್ನದು. ಆದರೆ ನಾನೇ ನಾನಾಗಿ ಬರೆದಿದ್ದರೆ ಆ ಕೊನೆಯ ವಾಕ್ಯದ ಆಚೆಗೆ ಇನ್ನೊಂದು ಪುಟ ಹೋಗಿರುತ್ತಿತ್ತು. ಅವರಿಗೆ ಅದಕ್ಕಿಂತ ಮುಂದೆ ಹೋಗುವ ಭಾಷೆಯಿಲ್ಲ, ಹಾಗಾಗಿ ಅಲ್ಲಿಗೇ ನಿಂತರು. ಇಂಥ ಒಬ್ಬರನ್ನು ಇಟ್ಟುಕೊಳ್ಳಬಯಸುವವರಿಗೆ ನಾನು ಹೇಳುವುದು ಇಷ್ಟೇ: ನಿಮಗೆ ಯಾವುದು ಸಲೀಸೋ ಅದನ್ನೇ ಅವರಿಂದ ಕಿತ್ತುಕೊಳ್ಳಿ. ಕವಿಯಾಗಿದ್ದರೆ ಉಪಮೆಯನ್ನು, ವಕೀಲರಾಗಿದ್ದರೆ ವಾದವನ್ನು, ಮೇಷ್ಟರಾಗಿದ್ದರೆ ವಿವರಣೆಯನ್ನು.

ಅವರಿಂದ ನನಗೆ ತೊಂದರೆಯೂ ಇದೆ. ಪೋಷಕರ ಸಭೆಯ ಸೂಚನೆಯನ್ನು ‘ತಪ್ಪದೆ ಹಾಜರಾಗತಕ್ಕದ್ದು’ ಎಂದು ಮುಗಿಸುತ್ತೇನೆ. ಶಿಕ್ಷಕರ ಕೊಠಡಿಯಲ್ಲಿ ಸಹೋದ್ಯೋಗಿಯೊಬ್ಬರು ಅಂಕಣವನ್ನು ನನಗೇ ಓದಿ ತೋರಿಸಿ, ‘ಇಷ್ಟು ಚೊಕ್ಕವಾಗಿ ಗಂಡಸರೇ ಬರೆಯಬೇಕು ನೋಡಿ ಮೇಡಂ’ ಎಂದಾಗ ನಾನು ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದೆ. ಅಂಕಣದ ‘ಮನೆಯವರಿಗೆ’ ಅದೇ ವಾರ ಒಂದು ಒಳ್ಳೆಯ ಸಾಲು ಸಿಕ್ಕಿತು.

ಓದುಗರ ಪತ್ರಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿದ್ದೇನೆ. ‘ಪೋಡಿ ಆಗಿಲ್ಲ, ಏನು ಮಾಡಲಿ ಸ್ವಾಮಿ’ ಎಂದು ಜನ ನಿಜವಾಗಿಯೂ ಬರೆಯುತ್ತಾರೆ (ಪೋಡಿ ಎಂದರೆ ಜಮೀನನ್ನು ಅಳೆದು ಬೇರ್ಪಡಿಸುವುದು). ಜಮೀನಿನ ವಿಷಯದಲ್ಲಿ ವೇಷ ಹಾಕಿಕೊಂಡು ಸಲಹೆ ಕೊಡಬಾರದು. ಆದ್ದರಿಂದ ಅಂಕಣದ ಕೆಳಗೆ ಕಾಯಂ ಒಂದು ಷರಾ ಇದೆ: ‘ನನ್ನ ತಿಳಿವಳಿಕೆ 1999ಕ್ಕೆ ಮುಕ್ತಾಯ. ಚಾಲ್ತಿ ನಿಯಮಗಳಿಗೆ ನಾಡಕಚೇರಿಯಲ್ಲಿ ವಿಚಾರಿಸುವುದು.’ ಹಳೆಯ ಪದ್ಧತಿಯ ಬಗ್ಗೆ ಬರೆದದ್ದನ್ನೂ ಅಚ್ಚಿಗೆ ಕೊಡುವ ಮೊದಲು ಕಂದಾಯ ಇಲಾಖೆಯಿಂದ ನಿವೃತ್ತರಾದ ಪರಿಚಿತರೊಬ್ಬರಿಗೆ ತೋರಿಸುತ್ತೇನೆ.

ಇತ್ತೀಚೆಗೆ ಹಿರಿಯರೊಬ್ಬರು ಪತ್ರಿಕೆಯ ಕಚೇರಿಗೆ ಬಂದು ಶಿರಸ್ತೇದಾರರ ಮನೆ ವಿಳಾಸ ಕೇಳಿದರಂತೆ. ಇಬ್ಬರೂ ಒಂದೇ ಕಚೇರಿಯಲ್ಲಿ ಇದ್ದವರು, ಜಮಾಬಂದಿಗೆ ಒಟ್ಟಿಗೆ ಹೋದವರು, ಆ ಮನುಷ್ಯನ ಗೊಣಗಾಟ ತಮಗೆ ಚೆನ್ನಾಗಿ ಗೊತ್ತು ಎಂದು ಅವರ ವಾದ. ಒಂದು ಸಲದ ಹೋಟೆಲ್ ಬಿಲ್ಲು ಇನ್ನೂ ಬಾಕಿ ಇದೆ ಎಂದೂ ಹೇಳಿದರಂತೆ. ಅದನ್ನು ನನ್ನ ಗೌರವಧನದಲ್ಲಿ ಕಳೆಯುವುದಾಗಿ ಸಂಪಾದಕರು ತಿಳಿಸಿದ್ದಾರೆ.